ಖಾದರ್ ಮಾಸ್ತರರು ಕಲಿಸಿದ ಬೆಳಕಿನ ಹಾದಿ

ಹೈಸ್ಕೂಲಿಗೆ ಹೊಸದಾಗಿ ವಿಜ್ಞಾನ ಕಲಿಸಲು ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ವರ್ಗಾವಣೆಯ ಬಗ್ಗೆ, ಬಡ್ತಿಯ ಬಗ್ಗೆ ಕೇಳುತ್ತಾರೆ. ಅವೆರಡರಲ್ಲೂ ನನಗೆ ಹೇಳಿಕೊಳ್ಳುವಂಥ ಜಾಣತನವಿಲ್ಲ. ಇಲಾಖೆ ಕಳಿಸಿದ ಕಡೆ ಹೋದೆ, ಇರಿಸಿದಷ್ಟು ದಿನ ಇದ್ದೆ. ಆದರೆ ಒಂದು ಪಾಠದ ಬಗ್ಗೆ ಹೇಳಬಲ್ಲೆ. ವಿಶ್ವಕ್ಕೆ ಎಷ್ಟು ವಯಸ್ಸು, ಅದು ಎಷ್ಟು ದೊಡ್ಡದು, ಈ ಎರಡಕ್ಕೂ ಏನು ಸಂಬಂಧ ಎನ್ನುವ ಪಾಠ. ಪುಸ್ತಕದಲ್ಲಿ ಅದು ಅರ್ಧ ಪುಟವೂ ಇರಲಿಲ್ಲ. ಆ ಅರ್ಧ ಪುಟಕ್ಕಾಗಿ ಒಬ್ಬ ಒಳ್ಳೆಯ ಮಾಸ್ತರರ ನೌಕರಿಯೇ ಹೋಗುವುದರಲ್ಲಿತ್ತು.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ತೆಂಗಳಿಯ ಒಕ್ಕಲುತನದ ಮನೆಯವನು. ಬಿ.ಎಸ್ಸಿ. ಮುಗಿಸಿದ ಕೂಡಲೇ ಚಿತ್ತಾಪುರದ ಹೈಸ್ಕೂಲಿಗೆ ನೇಮಕವಾಯಿತು. ಅಲ್ಲಿ ನನಗಿಂತ ಮೊದಲಿನಿಂದ ವಿಜ್ಞಾನ ಕಲಿಸುತ್ತಿದ್ದವರು ಖಾದರ್ ಮಾಸ್ತರರು. ಐವತ್ತರ ಹತ್ತಿರದವರು. ಬಿಳಿ ಪೈಜಾಮ, ಕಪ್ಪು ಶೇರವಾನಿ, ಎಷ್ಟೇ ಬಿಸಿಲಿದ್ದರೂ ಮೇಲಿನ ಗುಂಡಿ ಬಿಚ್ಚುತ್ತಿರಲಿಲ್ಲ. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಭೌತಶಾಸ್ತ್ರ ಓದಿ, ಉರ್ದುವಿನಲ್ಲೇ ಕಲಿಸುತ್ತ ಬಂದವರು.

ನೌಕರಿಯ ಮೊದಲ ತಿಂಗಳಲ್ಲೇ ನಾನೊಂದು ಅನಾಹುತ ಮಾಡಿಕೊಂಡೆ. ಪ್ರಯೋಗದ ಕೋಣೆಯ ಕಪಾಟಿನಲ್ಲಿ ಬಾಟಲಿಗಳ ಮೇಲೆಲ್ಲ ಉರ್ದು ಚೀಟಿಗಳಿದ್ದವು. ನನಗೆ ಉರ್ದು ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮೊದಲೇ ನೀರು ಬೆರೆಸಿ ತಿಳಿ ಮಾಡಿಟ್ಟದ್ದೆಂದು ನಂಬಿ ಗಟ್ಟಿ ಗಂಧಕಾಮ್ಲಕ್ಕೆ ನೀರು ಸುರಿದೆ. ಅದು ಸಿಡಿದು ಅಂಗಿಯ ತೋಳು ತೂತಾಯಿತು, ಮಣಿಕಟ್ಟು ಸುಟ್ಟಿತು. ಪಕ್ಕದ ಕ್ಲಾಸಿನಿಂದ ಓಡಿ ಬಂದ ಖಾದರ್ ಮಾಸ್ತರರು ನನ್ನ ಕೈಯನ್ನು ಎಳೆದು ಕೊಡದ ನೀರೆಲ್ಲ ಅದರ ಮೇಲೆ ಸುರಿದರು. ಬಯ್ಯಲಿಲ್ಲ. ಬಾಟಲಿ ಎತ್ತಿ ನೋಡಿ, ಇದರ ಮೇಲೆ ಬರೆದಿತ್ತಲ್ಲ ಎಂದರು. ನನಗೆ ಉರ್ದು ಓದಲು ಬರುವುದಿಲ್ಲ ಎಂದೆ.

"ನನಗ ಕನ್ನಡ ಓದ್ಲಿಕ್ಕ ಬರಂಗಿಲ್ಲ, ಶರಣಪ್ಪನವರ," ಎಂದರು ಅವರು. "ಇಬ್ರೂ ಒಂದೇ ಬೆಂಚಿನ ಮ್ಯಾಲ ಕುಂತೀವಿ."

ಅದು ನಗೆಯ ಮಾತಾಗಿರಲಿಲ್ಲ. ಶಾಲೆ ಕನ್ನಡ ಮಾಧ್ಯಮಕ್ಕೆ ತಿರುಗುತ್ತಿತ್ತು. ಕನ್ನಡದಲ್ಲಿ ಪಾಠ ಮಾಡಲಾರದವರನ್ನು ಹೈಸ್ಕೂಲಿನಿಂದ ತೆಗೆದು ಚಿಕ್ಕ ಮಕ್ಕಳ ಉರ್ದು ಶಾಲೆಗೆ ಹಾಕುತ್ತಾರೆ ಎನ್ನುವ ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ದಿನವೂ ಓಡಾಡುತ್ತಿತ್ತು. ಖಾದರ್ ಮಾಸ್ತರರು ಓಣಿಯ ಕನ್ನಡವನ್ನು ನನ್ನಷ್ಟೇ ಚೆನ್ನಾಗಿ ಆಡುತ್ತಿದ್ದರು. ಬರವಣಿಗೆಯ ಕನ್ನಡ, ವಿಜ್ಞಾನದ ಕನ್ನಡ ಅವರಿಗೆ ಗೊತ್ತಿರಲಿಲ್ಲ. ಸ್ವಂತ ಊರಿನಲ್ಲೇ ತಾವು ಹೊರಗಿನವರಾದೆವು ಎಂಬ ಭಾವನೆ ಅವರಲ್ಲಿತ್ತು. ಅದನ್ನು ಅವರು ಬಾಯಿ ಬಿಟ್ಟು ಹೇಳಿದವರಲ್ಲ. ಹೆಡ್‌ಮಾಸ್ತರರು ಇವರಿಗೆ ಕನ್ನಡ ಕಲಿಸುವ ಕೆಲಸವನ್ನು ನನಗೆ ಒಪ್ಪಿಸಿದರು.

ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಪ್ರಯೋಗದ ಕೋಣೆಯಲ್ಲಿ ಕುಳಿತುಕೊಳ್ಳುತ್ತಿದ್ದೆವು. ಅವರು ಅಕ್ಷರ ತಿದ್ದುತ್ತಿದ್ದರು. ಐವತ್ತರ ಕೈ ಒತ್ತಕ್ಷರಕ್ಕೆ ಬಗ್ಗುತ್ತಿರಲಿಲ್ಲ. ನಾನು ಬಾಟಲಿಗಳ ಚೀಟಿ ಓದಲು ಕಲಿತೆ. ಆಮೇಲೆ ಪಾರಿಭಾಷಿಕ ಪದಗಳು. ಅವರು ಒಂದು ಉರ್ದು ಪದ ಹೇಳಿದರೆ ನಾನು ಕನ್ನಡದ್ದನ್ನು ಹೇಳಬೇಕು. ಒಂದು ದಿನ 'ನೂರಿ ಸಾಲ್' ಎಂದರು. ನೂರ್ ಎಂದರೆ ಬೆಳಕು, ಸಾಲ್ ಎಂದರೆ ವರ್ಷ. ಜ್ಯೋತಿರ್ವರ್ಷ ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಈ ಪದ ಯಾವ ಭಾಷೆಯಲ್ಲಿ ಹೇಳಿದರೂ ಮಕ್ಕಳು ಅದನ್ನು ಕಾಲ ಎಂದೇ ತಿಳಿಯುತ್ತಾರೆ, ಉರ್ದುವಿನಲ್ಲೂ ಹಾಗೇ ಆಗುತ್ತಿತ್ತು ಎಂದರು. ಆಮೇಲೆ, ಚಿತ್ತಾಪುರದಿಂದ ನಿಮ್ಮ ತೆಂಗಳಿ ಎಷ್ಟು ದೂರ ಎಂದು ನನ್ನನ್ನು ಕೇಳಿದರು. ಚಕ್ಕಡಿಯಲ್ಲಿ ಅರ್ಧ ದಿನದ ಹಾದಿ ಎಂದೆ.

"ನೋಡ್ರಿ, ದೂರ ಕೇಳಿದ್ರ ನೀವು ಹೊತ್ತು ಹೇಳಿದ್ರಿ. ಎತ್ತಿನ ಅರ್ಧ ದಿನದ ಹಾದಿ. ಹಂಗೇ ಇದು ಬೆಳಕಿನ ಒಂದು ವರ್ಷದ ಹಾದಿ. ಹಾದಿ ಅನ್ನೋದು ಸೇರ್ಸಿದ್ರ ಹುಡುಗ್ರು ಎಡವಂಗಿಲ್ಲ."

ನಾನು ನಿವೃತ್ತನಾಗುವ ತನಕ ಜ್ಯೋತಿರ್ವರ್ಷ ಎಂದು ಹಲಗೆಯ ಮೇಲೆ ಬರೆದಾಗಲೆಲ್ಲ ಅದರ ಕೆಳಗೆ 'ಬೆಳಕಿನ ವರ್ಷದ ಹಾದಿ' ಎಂದು ಬರೆದೆ. ಎಡವಿದ ಮಕ್ಕಳು ಕಡಿಮೆ.

ವಿಶ್ವದ ವಯಸ್ಸು ಹೇಗೆ ಗೊತ್ತಾಗುತ್ತದೆ ಎನ್ನುವುದನ್ನೂ ಅವರು ನನಗೆ ಸರಳವಾಗಿ ಹೇಳಿಕೊಟ್ಟರು. ನಮ್ಮ ನಕ್ಷತ್ರಗಳ ಗುಂಪಿನಂಥ ಬೇರೆ ಗುಂಪುಗಳು ಲೆಕ್ಕವಿಲ್ಲದಷ್ಟಿವೆ, ಅವು ನಮ್ಮಿಂದಲೂ ಒಂದರಿಂದ ಒಂದೂ ದೂರ ಸರಿಯುತ್ತಿವೆ. ವಾಡಿ ಜಂಕ್ಷನ್ನಿನಿಂದ ಒಂದು ರೈಲು ಸೋಲಾಪುರದ ಕಡೆ, ಒಂದು ಸಿಕಂದರಾಬಾದಿನ ಕಡೆ ಹೊರಟಿತು ಎನ್ನಿ. ಈಗ ಅವುಗಳ ನಡುವೆ ಎಷ್ಟು ದೂರ, ಎಷ್ಟು ವೇಗ ಎಂದು ಗೊತ್ತಾದರೆ, ವಾಡಿ ಬಿಟ್ಟು ಎಷ್ಟು ಹೊತ್ತಾಯಿತೆಂದು ಮನೆಯಲ್ಲಿ ಕುಳಿತೇ ಹೇಳಬಹುದು. ಆ ಹೊತ್ತೇ ವಿಶ್ವದ ವಯಸ್ಸು. ವೇಗ ನಡುವೆ ಬದಲಾಗಿದ್ದರೆ ಲೆಕ್ಕವೂ ಬದಲಾಗುತ್ತದೆ. ದೂರವನ್ನು ತಪ್ಪಾಗಿ ಅಳೆದರೆ ವಯಸ್ಸೂ ತಪ್ಪುತ್ತದೆ.

ಹಾಗೆ ತಪ್ಪಿದ್ದೂ ಉಂಟು. ಅವರು ಓದುವಾಗ ವಿಶ್ವದ ವಯಸ್ಸು ಸುಮಾರು ಇನ್ನೂರು ಕೋಟಿ ವರ್ಷ ಎಂದಿತ್ತಂತೆ. ಅವರೂ ಬಹಳ ವರ್ಷ ಹಾಗೇ ಕಲಿಸಿದರು. ಆದರೆ ಕಲ್ಲುಗಳನ್ನು ಪರೀಕ್ಷಿಸುವವರು ಭೂಮಿಗೇ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ ಎನ್ನತೊಡಗಿದರು. ತಾಯಿಗಿಂತ ಮಗಳು ದೊಡ್ಡವಳಾದಂತೆ ಆಯಿತು. ಆಮೇಲೆ ದೂರದ ಅಳತೆಯೇ ತಪ್ಪಿತ್ತು, ಆ ಗುಂಪುಗಳೆಲ್ಲ ಎಣಿಸಿದ್ದಕ್ಕಿಂತ ಬಹಳ ಆಚೆ ಇವೆ ಎಂದು ಗೊತ್ತಾಗಿ ವಯಸ್ಸೂ ಬೆಳೆಯಿತು. ಈ ಸುದ್ದಿ ಚಿತ್ತಾಪುರ ಮುಟ್ಟುವ ಹೊತ್ತಿಗೆ ಅವರ ಎಷ್ಟೋ ಶಿಷ್ಯರು ಶಾಲೆ ಬಿಟ್ಟು ಹೋಗಿದ್ದರು. ಅವರನ್ನೆಲ್ಲ ಎಲ್ಲಿ ಹುಡುಕಿ ತಿದ್ದಲಿ ಎಂದು ಮಾಸ್ತರರು ನನ್ನನ್ನು ಕೇಳಿದರು. ಅಷ್ಟು ಸಣ್ಣ ಸಂಗತಿಗೆ ಒಬ್ಬರು ಅಷ್ಟು ನೊಂದುಕೊಳ್ಳುವುದನ್ನು ನಾನು ನೋಡಿರಲಿಲ್ಲ. ಅದು ಸಣ್ಣ ಸಂಗತಿಯಲ್ಲ ಎಂದು ಅರಿಯಲು ನನಗೆ ಇನ್ನಷ್ಟು ವರ್ಷ ಬೇಕಾದವು.

ಆ ವರ್ಷ ಚಳಿಗಾಲದಲ್ಲಿ ಇನ್ಸ್‌ಪೆಕ್ಟರರು ತಪಾಸಣೆಗೆ ಬಂದರು. ನಂಜುಂಡಯ್ಯ ಎಂದು ಹೆಸರು, ಮೈಸೂರಿನ ಕಡೆಯವರು. ಅವರ ಕನ್ನಡ ಕೇಳಿ ನಮ್ಮ ಹುಡುಗರು ಪಿಳಿಪಿಳಿ ನೋಡುತ್ತಿದ್ದರು, ನಮ್ಮ ಕನ್ನಡ ಕೇಳಿ ಅವರು ಹುಬ್ಬು ಗಂಟಿಕ್ಕುತ್ತಿದ್ದರು. ಶಿಸ್ತಿನ ಮನುಷ್ಯ, ಯಾರ ಮನೆಯ ಊಟಕ್ಕೂ ಹೋಗದೆ ತಾವೇ ತಂದ ಅವಲಕ್ಕಿ ತಿನ್ನುತ್ತಿದ್ದರು. ಖಾದರ್ ಮಾಸ್ತರರು ಕನ್ನಡದಲ್ಲಿ ಪಾಠ ಮಾಡಬಲ್ಲರೋ ಇಲ್ಲವೋ ಎಂದು ಅವರೇ ಬರೆಯಬೇಕಾಗಿತ್ತು. ಮಾಸ್ತರರು ಆಯ್ದುಕೊಂಡದ್ದು ಬೆಳಕಿನ ಪಾಠ. ಹಲಗೆಯ ಮೇಲೆ ನಿಧಾನವಾಗಿ, ಸಣ್ಣ ಮಕ್ಕಳ ಅಕ್ಷರದಲ್ಲಿ ಬರೆದರು. ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಪ್ರತಿ ಒತ್ತಕ್ಷರವನ್ನೂ ನೋಡುತ್ತಿದ್ದೆ. ಒಂದು ತಪ್ಪೂ ಆಗಲಿಲ್ಲ.

ಪಾಠ ಮುಗಿದ ಮೇಲೆ ಇನ್ಸ್‌ಪೆಕ್ಟರರು ಕೈಯಲ್ಲಿದ್ದ ಕೈಪಿಡಿ ನೋಡಿ, ವಿಶ್ವದ ವಯಸ್ಸು ಎಷ್ಟು ಎಂದು ಮಾಸ್ತರರನ್ನೇ ಕೇಳಿದರು. ಈಗಿನ ಲೆಕ್ಕದಲ್ಲಿ ಸಾವಿರ ಕೋಟಿ ವರ್ಷ ಎನ್ನುತ್ತಾರೆ, ನಾನು ಕಲಿಯುವಾಗ ಬೇರೆ ಇತ್ತು ಎಂದರು ಇವರು. ಹಾಗಾದರೆ ವಿಶ್ವದ ಅಂಚು ನಮ್ಮಿಂದ ಎಷ್ಟು ದೂರ ಎಂದು ಅವರು ಕೇಳಿದರು. ಕೈಪಿಡಿಯಲ್ಲಿದ್ದ ಉತ್ತರ ಸುಲಭದ್ದು: ವಯಸ್ಸು ಸಾವಿರ ಕೋಟಿ ವರ್ಷವಾದರೆ ದೂರ ಸಾವಿರ ಕೋಟಿ ಜ್ಯೋತಿರ್ವರ್ಷ. ಬೆಳಕಿಗೆ ನಡೆಯಲು ಸಿಕ್ಕಿದ್ದೇ ಅಷ್ಟು ಹೊತ್ತು. ನಾನೂ ಹಾಗೇ ಹೇಳುತ್ತಿದ್ದೆ. ಮಾಸ್ತರರು ಹಾಗೆ ಹೇಳಲಿಲ್ಲ. ಬೆಳಕು ನಡೆಯುವಾಗ ಅದು ಹೊರಟ ಜಾಗವೂ ಸರಿಯುತ್ತಿರುತ್ತದೆ, ಆದ್ದರಿಂದ ದೂರ ಅಷ್ಟೇ ಇರಲಾರದು ಎಂದು ತಮಗೆ ಅನುಮಾನ ಎಂದರು. ಎಷ್ಟು ಹಾಗಾದರೆ ಎಂದು ಇನ್ಸ್‌ಪೆಕ್ಟರರು ಒತ್ತಿ ಕೇಳಿದರು.

"ನನಗ ಗೊತ್ತಿಲ್ರಿ."

"ಮಕ್ಕಳ ಮುಂದೆ ನಿಂತು ಗೊತ್ತಿಲ್ಲ ಅಂದರೆ ಹೇಗೆ ಮೇಷ್ಟ್ರೇ? ಕೈಪಿಡೀಲೇ ಇದೆಯಲ್ಲ."

ಮಾಸ್ತರರು ಸೀಮೆಸುಣ್ಣ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. ಭಾಷೆ ಸಾಲದು, ವಿಷಯದ ಮೇಲೂ ಹಿಡಿತವಿಲ್ಲ ಎನ್ನುವ ಅರ್ಥದಲ್ಲಿ ವರದಿ ಹೋಯಿತೆಂದು ಸಂಜೆ ಹೆಡ್‌ಮಾಸ್ತರರಿಂದ ತಿಳಿಯಿತು. ಕೈಪಿಡಿಯ ಮಾತನ್ನು ಹೇಳಿ ಮುಗಿಸಬಹುದಿತ್ತಲ್ಲ ಎಂದು ನಾನು ಅವರ ಮನೆಗೆ ಹೋಗಿ ಕೇಳಿದೆ. ಅವರ ಹೆಂಡತಿ ಬಾಗಿಲ ಪರದೆಯ ಆಚೆಯಿಂದ ಚಹಾ ಕಳಿಸಿದರು. ಒಮ್ಮೆ ಪುಸ್ತಕ ನಂಬಿ ತಪ್ಪು ಹೇಳಿದ್ದಾಯಿತು, ಅನುಮಾನ ಬಂದ ಮೇಲೂ ಹೇಳಲು ಬಾಯಿ ಬರಲಿಲ್ಲ ಎಂದರು ಮಾಸ್ತರರು. ಉರ್ದು ಪ್ರಾಥಮಿಕ ಶಾಲೆಯಾದರೂ ಶಾಲೆಯೇ ತಾನೆ ಎಂದೂ ಅಂದರು. ಹಾಗೆ ಅನ್ನುವಾಗ ಅವರ ಕಣ್ಣು ನೆಲ ನೋಡುತ್ತಿತ್ತು.

ಹೆಡ್‌ಮಾಸ್ತರರು ಒಳ್ಳೆಯವರು. ಸೇಡಂ ತಪಾಸಣೆ ಮುಗಿಸಿ ಹಿಂತಿರುಗುವಾಗ ಇನ್ನೊಮ್ಮೆ ಪಾಠ ನೋಡಬೇಕೆಂದು ಇನ್ಸ್‌ಪೆಕ್ಟರರನ್ನು ಬೇಡಿಕೊಂಡರು. ಅವರು ಒಪ್ಪಿದರು. ನಮಗೆ ಒಂದು ವಾರ ಸಿಕ್ಕಿತು.

ರವಿವಾರ ನಾನು ಮಾಸ್ತರರನ್ನು ಕರೆದುಕೊಂಡು ಗುಲಬರ್ಗಾಕ್ಕೆ ಹೋದೆ. ಅಲ್ಲಿ ನನಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಗುರುಗಳಿದ್ದರು. ಅವರು ಅಂಗಳದಲ್ಲೇ ಕುರ್ಚಿ ಹಾಕಿಸಿ ಪೂರ್ತಿ ಕೇಳಿಸಿಕೊಂಡರು. ಖಾದರ್ ಮಾಸ್ತರರ ಅನುಮಾನ ಸರಿ ಎಂದರು. ಗುಂಪುಗಳು ಆಕಾಶದೊಳಗೆ ಓಡುತ್ತಿವೆ ಎನ್ನುವುದಕ್ಕಿಂತ ಅವುಗಳ ನಡುವಿನ ಜಾಗವೇ ಹಿಗ್ಗುತ್ತಿದೆ ಎನ್ನಬೇಕು. ಬೆಳಕು ದಾಟಿ ಬಂದ ಹಾದಿ ಅದರ ಬೆನ್ನ ಹಿಂದೆ ಉದ್ದವಾಗುತ್ತಲೇ ಇರುತ್ತದೆ. ಹಿಗ್ಗುವ ಬಗೆ ಇಂಥದ್ದು ಎಂದು ಇಟ್ಟುಕೊಂಡರೆ ನಾವು ಕಾಣಬಹುದಾದ ಕೊನೆಯ ದೂರ, ಅಷ್ಟು ವಯಸ್ಸಿನಲ್ಲಿ ಬೆಳಕು ನಡೆಯುವ ಹಾದಿಯ ಮೂರು ಪಟ್ಟು ಬರುತ್ತದೆ, ಬೇರೆ ಬಗೆಗೆ ಬೇರೆ. ವಿಶ್ವಕ್ಕೆ ಆರಂಭವೇ ಇಲ್ಲ ಎಂದು ವಾದಿಸುವ ದೊಡ್ಡ ವಿದ್ವಾಂಸರೂ ಇದ್ದಾರೆ, ಇನ್ನೂ ತೀರ್ಮಾನವಾಗಿಲ್ಲ ಎಂದರು. ಅದು ಅಂದಿನ ಮಾತು. ಇಂದಿನ ಲೆಕ್ಕದಲ್ಲಿ ವಯಸ್ಸು ಸುಮಾರು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ, ಕಾಣುವ ವಿಶ್ವದ ಕೊನೆ ನಾಲ್ಕು ಸಾವಿರದ ಆರುನೂರು ಕೋಟಿ ಜ್ಯೋತಿರ್ವರ್ಷದಾಚೆ. ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಆಯಿತು.

ತಿರುಗಿ ಬರುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕು. ಚಿತ್ತಾಪುರದ ಗಾಡಿಗೆ ಇನ್ನೂ ಹೊತ್ತಿತ್ತು. ಗುರುಗಳು ಹೇಳಿದ್ದು ನಮಗೆ ತಿಳಿಯಿತು, ಮಕ್ಕಳಿಗೆ ಹೇಗೆ ತೋರಿಸುವುದು ಎಂದು ಮಾಸ್ತರರು ಪ್ಲಾಟ್‌ಫಾರ್ಮಿನ ತುದಿಯವರೆಗೂ ಹೋಗಿ ಬಂದು ಯೋಚಿಸುತ್ತಿದ್ದರು. ಸ್ಟೇಷನ್ನಿನ ಹೊರಗೆ ಸೈಕಲ್ಲಿನ ಪಂಕ್ಚರ್ ಹಾಕುವ ಅಂಗಡಿಯಿತ್ತು. ಅಂಗಡಿಯವನು ಹಳೆಯ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡುತ್ತ, ಒಂದು ಪಟ್ಟಿಯನ್ನು ಕಾಲಲ್ಲಿ ಒತ್ತಿ ಹಿಡಿದು ಎಳೆದು ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ನೋಡಿದೆವು. ಒಂದು ಉದ್ದದ ಪಟ್ಟಿ ಕೊಂಡೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪಟ್ಟಿಗೆ ಸುಣ್ಣದಿಂದ ಗೆರೆಗಳನ್ನು ಎಳೆದು, ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಎಳೆಯುತ್ತ ಕುಳಿತೆವು. ಹಮಾಲರು ನಿಂತು ನೋಡಿದರು. ಮಾಸ್ತರರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿದ್ದನ್ನು ನಾನು ಆ ದಿನ ಮೊದಲ ಸಲ ಕಂಡೆ.

ಎರಡನೆಯ ಪಾಠದ ದಿನ ಇನ್ಸ್‌ಪೆಕ್ಟರರು ಕೈಪಿಡಿ ಮುಚ್ಚಿಟ್ಟು ಕುಳಿತಿದ್ದರು. ಇಬ್ಬರು ಹುಡುಗರು ಪಟ್ಟಿಯ ಎರಡು ತುದಿ ಹಿಡಿದರು. ಕಲಾವತಿ ಎನ್ನುವ ಹುಡುಗಿ ಒಂದು ಗೆರೆಯಿಂದ ಹೊರಟು ಬೆರಳುಗಳನ್ನು ಪಟ್ಟಿಯ ಮೇಲೆ ಒಂದೇ ಸಮನೆ ನಡೆಸಿದಳು. ಅವಳು ನಡೆಯುತ್ತಿದ್ದ ಹಾಗೇ ಹುಡುಗರು ನಿಧಾನವಾಗಿ ಎಳೆಯುತ್ತ ಹೋದರು. ಬೆರಳು ಇನ್ನೊಂದು ಗೆರೆ ಮುಟ್ಟಿದಾಗ ನಿಲ್ಲಿಸಿ, ಹಿಂತಿರುಗಿ ನೋಡಲು ಮಾಸ್ತರರು ಹೇಳಿದರು. ಅವಳ ಬೆರಳು ನಡೆದದ್ದು ಒಂದು ಗೇಣಿನಷ್ಟು. ಹೊರಟ ಗೆರೆ ಒಂದು ಮೊಳಕ್ಕಿಂತ ಹಿಂದೆ ಉಳಿದಿತ್ತು. "ನಾ ಇಷ್ಟು ನಡದಿಲ್ರಿ ಸರ್," ಎಂದಳು ಅವಳು. ಕ್ಲಾಸಿನಲ್ಲಿ ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ.

ಇನ್ಸ್‌ಪೆಕ್ಟರರು ಎದ್ದು ಬಂದರು. ಒಬ್ಬ ಹುಡುಗನ ಕೈಯಿಂದ ಪಟ್ಟಿಯ ತುದಿ ತೆಗೆದುಕೊಂಡು ತಾವೇ ಎಳೆದರು, ಬಿಟ್ಟರು, ಮತ್ತೆ ಎಳೆದರು. ಆಮೇಲೆ ಅಂದಿನ ಪ್ರಶ್ನೆಗೆ ಉತ್ತರವೇನು ಎಂದು ಮೆಲ್ಲಗೆ ಕೇಳಿದರು.

"ನೀವು ಕೇಳಿದ್ದು ಎರಡು ಪ್ರಶ್ನಿ ಅದಾವ್ರಿ," ಎಂದರು ಮಾಸ್ತರರು. "ನಮಗ ಕಾಣೋ ಜಗತ್ತು ಎಷ್ಟು ಅಂದ್ರ, ವಯಸ್ಸಿನ ಹಾದಿಗಿಂತ ಭಾಳ ದೊಡ್ಡದು. ಈ ಪಟ್ಟಿ ತೋರಸ್ತದ. ಇಡೀ ಜಗತ್ತು ಎಷ್ಟು ಅಂದ್ರ, ನನಗ ಗೊತ್ತಿಲ್ರಿ. ಅವತ್ತು ಇಷ್ಟೇ ಅಂದಿದ್ದೆ. ಯಾರಿಗೂ ಗೊತ್ತಿಲ್ಲ ಅನ್ನೋದು ಇವತ್ತು ಸೇರಸ್ತೀನಿ."

ಇನ್ಸ್‌ಪೆಕ್ಟರರು ತಲೆಯಾಡಿಸಿ ಹೊರಗೆ ಹೋದರು. ವರಾಂಡದಲ್ಲಿ ನನ್ನನ್ನು ಕರೆದು, ತಾವು ಓದಿದ್ದು ಚರಿತ್ರೆ, ಕೈಪಿಡಿಯಲ್ಲಿದ್ದುದನ್ನು ನಂಬಿ ಕೇಳಿದ್ದು ಎಂದರು. ಮುಂದೆ ನನ್ನ ಪಾಲಿಗೆ ಬಂದ ಮೇಲಧಿಕಾರಿಗಳಲ್ಲಿ ಅಷ್ಟು ಹೇಳಿದವರು ವಿರಳ. ಖಾದರ್ ಮಾಸ್ತರರು ಕನ್ನಡದಲ್ಲಿ ಕಲಿಸಲು ಅರ್ಹರು ಎಂದು ಅವರು ಬರೆದರು. ಮಾಸ್ತರರ ಹೈಸ್ಕೂಲು ನೌಕರಿ ಉಳಿಯಿತು. ಮೊದಲನೆಯ ವರದಿಯನ್ನು ಮಾತ್ರ ಯಾರೂ ಹಿಂತೆಗೆಯಲಿಲ್ಲ. ಅದರ ಕಾರಣಕ್ಕೋ ಅಥವಾ ಸುಮ್ಮನೆ ಸರದಿ ಬಂದೋ, ಮರುವರ್ಷ ಅವರಿಗೆ ಚಿಂಚೋಳಿ ತಾಲೂಕಿನ ಸುಲೇಪೇಟಕ್ಕೆ ವರ್ಗವಾಯಿತು. ಹುಟ್ಟಿದೂರು ಬಿಟ್ಟು ಅವರು ಟ್ರಂಕು ಏರಿಸಿಕೊಂಡು ಬಸ್ಸಿನಲ್ಲಿ ಹೋದರು. ನಾನು ಬಸ್‌ಸ್ಟ್ಯಾಂಡಿನ ತನಕ ಹೋಗಿದ್ದೆ.

ಆಮೇಲೆ ನಾನು ಸೇಡಂನಲ್ಲಿ ಇದ್ದೆ, ಶಹಾಬಾದದಲ್ಲಿ ಇದ್ದೆ. ಹೋದಲ್ಲೆಲ್ಲ ಆ ಪಟ್ಟಿಯ ಪಾಠ ಮಾಡಿದೆ. ಶಹಾಬಾದದಲ್ಲಿ ಒಮ್ಮೆ ಹೊಸ ಶಿಕ್ಷಕರ ತರಬೇತಿಯಲ್ಲಿ ಅದನ್ನು ತೋರಿಸುವಾಗ, ಭಂಕೂರದ ಒಬ್ಬ ತರುಣಿ ಶಿಕ್ಷಕಿ, ನೀವು ಹಿಡಿದ ತುದಿಯ ಆಚೆ ಏನಿದೆ ಎಂದು ಕೇಳಿದಳು. ಪಟ್ಟಿಗೆ ತುದಿ ಇದೆ, ವಿಶ್ವಕ್ಕೆ ತುದಿಯಿದೆ ಎಂದು ಯಾರೂ ಕಂಡಿಲ್ಲ ಎಂದೆ. ಹಾಗಾದರೆ ಮಕ್ಕಳಿಗೆ ತುದಿ ತೋರಿಸಬಾರದಲ್ಲ ಎಂದಳು. ಅವಳ ಮಾತು ಹಿಡಿದು ನಾನು ಟ್ಯೂಬನ್ನು ಕತ್ತರಿಸುವುದನ್ನೇ ಬಿಟ್ಟೆ. ಇಡೀ ಟ್ಯೂಬಿನ ಮೇಲೆ ಗೆರೆ ಹಾಕಿ ಪಂಪಿನಿಂದ ಗಾಳಿ ತುಂಬಿದರೆ ಗೆರೆಗಳು ಒಂದರಿಂದ ಒಂದು ಸರಿಯುತ್ತವೆ, ಸುತ್ತ ಎಲ್ಲಿ ಹೋದರೂ ತುದಿ ಸಿಗುವುದಿಲ್ಲ, ಯಾವ ಗೆರೆಯೂ ನಡುಮಧ್ಯದ್ದಲ್ಲ. ಅದೂ ಪೂರ್ತಿ ಸರಿಯಲ್ಲ ಎಂದು ಮಕ್ಕಳಿಗೆ ಹೇಳಿಬಿಡಬೇಕು. ತೋರಿಸುವ ವಸ್ತು ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ನಿಜವಲ್ಲ ಎನ್ನುವುದನ್ನು ಹೇಳದೆ ಕ್ಲಾಸು ಬಿಡಬೇಡಿರಿ.

ರಾಜ್ಯದ ಹೆಸರು ಕರ್ನಾಟಕ ಎಂದಾದ ಕೆಲವು ವರ್ಷಗಳ ಮೇಲೆ ನನಗೂ ಚಿಂಚೋಳಿಗೆ ವರ್ಗವಾಯಿತು. ಸುಲೇಪೇಟಕ್ಕೆ ಹೋಗಿ ಖಾದರ್ ಮಾಸ್ತರರನ್ನು ಕಂಡೆ. ನಿವೃತ್ತರಾಗಿ ಅಲ್ಲೇ ಮಗಳ ಮನೆಯ ಪಕ್ಕ ಉಳಿದುಬಿಟ್ಟಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ವಿಶ್ವದ ವಯಸ್ಸು ಈಗ ಎಷ್ಟು ಎನ್ನುತ್ತಾರೆ ಎಂದೇ ಮೊದಲು ಕೇಳಿದರು. ಒಂದು ಪಂಗಡ ಸಾವಿರ ಕೋಟಿ ಎನ್ನುತ್ತದೆ, ಇನ್ನೊಂದು ಎರಡು ಸಾವಿರ ಕೋಟಿ, ಇನ್ನೂ ಜಗಳವಿದೆ ಎಂದೆ. ಜಗಳ ಇರಲಿ, ಒಳ್ಳೆಯದೇ ಎಂದರು. ಆಮೇಲೆ ನಾನು ರಜೆಯ ದಿನ ಹೋಗಿ ಅವರಿಗೆ ಕನ್ನಡ ಪತ್ರಿಕೆಗಳ ವಿಜ್ಞಾನ ಬರಹ ಓದಿ ಹೇಳುತ್ತಿದ್ದೆ. ಹೊಸ ಪದ ಬಂದಾಗ ನಿಲ್ಲಿಸಿ ಎರಡು ಸಲ ಹೇಳಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನಾನು ಮುಟ್ಟುವ ಹೊತ್ತಿಗೆ ಮನೆಯ ಮುಂದೆ ಬೇವಿನ ನೆರಳಿನಲ್ಲಿ ಬಹಳ ಜನ ಸೇರಿದ್ದರು. ಒಕ್ಕಲಿಗರು, ಅಂಗಡಿಯವರು, ಕಂಡಕ್ಟರು, ಹಣೆಗೆ ವಿಭೂತಿ ಹಚ್ಚಿದವರು, ತಲೆಗೆ ಟೋಪಿ ಇಟ್ಟವರು. ಹೆಚ್ಚಿನವರು ಅವರ ಕೈಯಲ್ಲಿ ಕಲಿತವರು. ನನ್ನನ್ನು ಅಲ್ಲಿ ಯಾರೂ ಅರಿಯರು ಎಂದುಕೊಂಡು ಹಿಂದೆ ನಿಂತೆ. ಬಟ್ಟೆ ಅಂಗಡಿ ಇಟ್ಟಿದ್ದ ನಡುವಯಸ್ಸಿನವರೊಬ್ಬರು ನನ್ನ ಹೆಸರು ಕೇಳಿದರು. ತೆಂಗಳಿಯ ಶರಣಪ್ಪ ಎಂದೆ. ಅವರು ತಕ್ಷಣ ಸರಿದು ಚಾಪೆಯ ಮೇಲೆ ಜಾಗ ಮಾಡಿದರು.

"ಬರ್ರಿ, ಕುಂದ್ರಿ," ಎಂದರು. "ನಮ್ಮ ಮಾಸ್ತರಿಗೆ ಕನ್ನಡ ಕಲಿಸಿದವ್ರು ನೀವೇ ಅಲ್ರಿ? ಹೊಸ ಕ್ಲಾಸಿಗೆ ಬಂದ ಮೊದಲನೇ ದಿನ ಪ್ರತಿ ವರ್ಷ ನಿಮ್ಮ ಹೆಸರು ಹೇಳ್ತಿದ್ರು. ನಾ ತೆಂಗಳಿ ಶರಣಪ್ಪನವರ ಶಿಷ್ಯ ಅಂತ."

ಕಲಿತವನು ನಾನು ಎಂದೆ. ಚಪ್ಪಲಿ ಬಿಟ್ಟು ಅವರ ಶಿಷ್ಯರ ನಡುವೆ ಕುಳಿತುಕೊಂಡೆ.